ಮಂದ್ರದ ಸಾ, ಬೀಟೆಯ ಬೆನ್ನು

ಬ್ಯಾರಿಟೋನ್ ಗಿಟಾರ್ ಅಂದರೇನು ಅಂತ ಕೇಳಿದವರಿಗೆ ನಾನು ವಿವರಣೆ ಕೊಡಲು ಹೋಗುವುದಿಲ್ಲ. ಆರನೇ ತಂತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮೀಟಿ, ಆ ನಾದ ತಾನಾಗಿ ಆರುವ ತನಕ ಸುಮ್ಮನಿರುತ್ತೇನೆ. ಕೇಳುವವರಿಗೆ ಅದು ಕಿವಿಗೆ ಬೀಳುತ್ತದೆ. ನುಡಿಸುವವನಿಗೆ ಮೊದಲು ಎದೆಗೂಡಿಗೆ ತಾಗುತ್ತದೆ, ಯಾಕೆಂದರೆ ವಾದ್ಯದ ಬೆನ್ನು ಒರಗಿರುವುದು ಅಲ್ಲಿಯೇ. ನನ್ನ ಗಿಟಾರಿನ ಬೆನ್ನು ಬೀಟೆ ಮರದ್ದು, ಇಂಗ್ಲಿಷಿನಲ್ಲಿ ಇಂಡಿಯನ್ ರೋಸ್‌ವುಡ್ ಅನ್ನುತ್ತಾರಲ್ಲ, ಅದು. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಬೆಳೆದ ನನಗೆ ಈ ಮರ ಹೊಸದಲ್ಲ. ಆದರೆ ಅದರ ಬಗ್ಗೆ ಗಂಭೀರವಾಗಿ ಯೋಚಿಸಲು ಶುರು ಮಾಡಿದ್ದು ಕ್ಯಾಲಿಫೋರ್ನಿಯಾಕ್ಕೆ ಬಂದು, ಈ ವಾದ್ಯ ಕೈಗೆ ಸಿಕ್ಕಿದ ಮೇಲೆ.

ವಾದ್ಯದ ಮಾತು ಮೊದಲು. ಸಾಧಾರಣ ಗಿಟಾರಿನ ಅತಿ ಕೆಳಗಿನ ತಂತಿ ಇ ಸ್ವರದ್ದು, ಸೆಕೆಂಡಿಗೆ ಸುಮಾರು 82 ಕಂಪನ. ಬ್ಯಾರಿಟೋನಿನಲ್ಲಿ ಅದು ಕೆಳಗಿನ ಬಿ, ಸುಮಾರು 62 ಕಂಪನ. ಸಾಧಾರಣ ಗಿಟಾರಿನ ತಂತಿಯನ್ನೇ ಸಡಿಲಿಸಿ ಅಲ್ಲಿಗೆ ಇಳಿಸಿದರೆ ಆಗದೇ ಅಂದರೆ, ಆಗುವುದಿಲ್ಲ. ಬಿಗಿ ಹೋದ ತಂತಿ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಕಡ್ಡಿಗಳಾದ ಫ್ರೆಟ್‌ಗಳಿಗೆ ಬಡಿದು ಜರ್ರೆನ್ನುತ್ತದೆ, ಸ್ವರ ನಿಲ್ಲುವುದಿಲ್ಲ. ಕೆಳಗಿಳಿದರೂ ಬಿಗಿ ಉಳಿಯಬೇಕು ಅಂದರೆ ತಂತಿ ಉದ್ದವೂ ಆಗಬೇಕು, ದಪ್ಪವೂ ಆಗಬೇಕು. ಸಾಧಾರಣ ಗಿಟಾರಿನಲ್ಲಿ ಮೀಟುವ ತಂತಿಯ ಉದ್ದ 25.5 ಇಂಚು, ನನ್ನದರಲ್ಲಿ 27. ಹಗುರ ಸೆಟ್ಟಿನ ಆರನೇ ತಂತಿ 0.053 ಇಂಚು ದಪ್ಪವಿದ್ದರೆ ಇದರದ್ದು 0.070. ಮೊದಮೊದಲು ಎಡಗೈ ಬೆರಳು ಸೋಲುತ್ತದೆ, ಆಮೇಲೆ ಒಗ್ಗುತ್ತದೆ.

ನನ್ನದು ಟೇಲರ್ ಕಂಪನಿಯ ಎಂಟು ತಂತಿಯ ಬ್ಯಾರಿಟೋನ್. ಇನ್ನೊಬ್ಬರು ನುಡಿಸಿ ಹದಗೊಳಿಸಿದ್ದನ್ನು ಕೊಂಡಿದ್ದು. ಆರು ತಂತಿ ಎಲ್ಲದರಲ್ಲೂ ಇರುವಂಥದ್ದೇ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಮಾತ್ರ ಪಕ್ಕದಲ್ಲಿ ಒಂದೊಂದು ಸಣ್ಣ ತಂತಿ, ಒಂದು ಸ್ಥಾಯಿ ಮೇಲೆ ಶ್ರುತಿ ಮಾಡಿದ್ದು. ಹನ್ನೆರಡು ತಂತಿಯ ಗಿಟಾರಿನ ಝೇಂಕಾರವೆಲ್ಲ ಬೇಡ, ಮಂದ್ರದ ಮೇಲೆ ಒಂದಿಷ್ಟು ಬೆಳಕು ಸಾಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಂಡಿಲ್ಲ. ಸ್ವರಮೇಳ ಹಿಡಿಯುವಾಗ ಒಂದೇ ಎಚ್ಚರ: ಕೆಳಗಿನ ತಂತಿಗಳಲ್ಲಿ ಗಾಂಧಾರ ಇಡಬಾರದು. ಅಷ್ಟು ಕೆಳಗೆ ಷಡ್ಜ, ಗಾಂಧಾರ ಒಟ್ಟಿಗೆ ನುಡಿದರೆ ಎರಡೂ ಕಲಸಿಹೋಗುತ್ತವೆ. ಕೆಳಗೆ ಸಾ, ಪಾ ಮಾತ್ರ ಬಿಟ್ಟು ಗಾಂಧಾರವನ್ನು ಮೇಲಿನ ತಂತಿಗೆ ಕೊಟ್ಟರೆ ಹಾಡು ಉಸಿರಾಡುತ್ತದೆ.

ಇಷ್ಟೆಲ್ಲ ಯಾತಕ್ಕೆ ಬೇಕಾಯಿತು ಅಂದರೆ, ನಮ್ಮ ಕನ್ನಡ ಸಂಘದಲ್ಲಿ ಭಾವಗೀತೆ ಹಾಡುವ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಮೇಷ್ಟ್ರೇ ಅಂತಲೇ ಕರೆಯುವುದು. ಸಿ. ಅಶ್ವತ್ಥ್, ಮೈಸೂರು ಅನಂತಸ್ವಾಮಿಯವರನ್ನು ಎದುರಿಗೇ ಕೂತು ಕೇಳಿ ಬೆಳೆದ ತಲೆಮಾರು. ಅವರದ್ದು ಒಂದು ಮನೆ ಶ್ರುತಿ. ಹಾರ್ಮೋನಿಯಂ ಪಕ್ಕದಲ್ಲಿದ್ದರೆ ಅವರು ಹಾಯಾಗಿ ಹಾಡುತ್ತಿದ್ದರು. ನನ್ನ ಹಳೆಯ ಗಿಟಾರ್ ಜೊತೆಗಿದ್ದ ದಿನ ಮಾತ್ರ, "ನಿಮ್ಮ ವಾದ್ಯ ಚೆನ್ನಾಗಿದೆ ಕಣ್ರೀ, ಆದ್ರೆ ಕಾಲಿಗೆ ನೆಲ ಸಿಗಲ್ಲ" ಅನ್ನೋರು. ಅದು ನಿಜವಾದ ಮಾತು. ಒಂದು ಮನೆ ಅಂದರೆ ಸಿ. ಸಾಧಾರಣ ಗಿಟಾರ್ ಇ-ಗಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಅವರ ಮಂದ್ರ ಷಡ್ಜ ಆ ವಾದ್ಯದಲ್ಲಿ ಇಲ್ಲವೇ ಇಲ್ಲ.

ಬ್ಯಾರಿಟೋನಿನಲ್ಲಿ ನಾನು ತಂತಿಗಳನ್ನು ಎ, ಇ, ಎ, ಡಿ, ಇ, ಎ ಅಂತ ಕೂರಿಸಿಕೊಂಡು ಮೂರನೇ ಫ್ರೆಟ್‌ಗೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು, ಅಂದರೆ ಕಾಪೋ, ಬಿಗಿಯುತ್ತೇನೆ. ಆಗ ಕೆಳಗಿನಿಂದ ಮೇಲಕ್ಕೆ ಬರುವುದು ಸಾ, ಪಾ, ಸಾ, ಮಾ, ಪಾ, ಸಾ. ಮಧ್ಯಮ ಬೇಡದ ಹಾಡಾದರೆ ಮೂರನೇ ತಂತಿಯನ್ನು ಎರಡು ಫ್ರೆಟ್ ಮೇಲೆ ಒತ್ತಿ ಅದನ್ನೂ ಪಂಚಮ ಮಾಡಿಕೊಂಡರೆ ತಂಬೂರಿಯ ಜಾಡು ಬಂದುಬಿಡುತ್ತದೆ. ಇತ್ತೀಚೆಗೆ ವಯಸ್ಸಿನಿಂದ ಮೇಷ್ಟ್ರ ಶಾರೀರ ಅರ್ಧ ಮನೆ ಕೆಳಗಿಳಿದಿದೆ. ಕಾಪೋ ಒಂದು ಫ್ರೆಟ್ ಹಿಂದಕ್ಕೆ ಸರಿಸಿದರೆ ಆಯಿತು, ಇನ್ನೂ ಇಳಿದರೂ ಜಾಗವಿದೆ. ಪಲ್ಲವಿಗೆ ಮೊದಲು ಆ ಕೆಳಗಿನ ಸಾ ಒಂದನ್ನೇ ಕೊಟ್ಟಾಗ ಅವರು ಬೆನ್ನು ನೆಟ್ಟಗೆ ಮಾಡಿ ಕೂರುವ ರೀತಿಯೇ ಬೇರೆ.

ಈಗ ಮರದ ಮಾತು. ಈ ಗಿಟಾರಿನ ಮುಂಭಾಗದ ಹಲಗೆ ಸಿಟ್ಕಾ ಸ್ಪ್ರೂಸ್, ಅಲಾಸ್ಕಾ ಮತ್ತು ಕೆನಡಾದ ಪಶ್ಚಿಮ ಕರಾವಳಿಯ ಮರ. ಬೆನ್ನು, ಪಕ್ಕೆ ಬೀಟೆ. ಬೆರಳಾಡುವ ಪಟ್ಟಿ ಆಫ್ರಿಕಾದ ಎಬೊನಿ ಎಂಬ ಗಟ್ಟಿಯಾದ ಕಪ್ಪು ಮರ. ಮೂರು ಖಂಡಗಳ ಕಾಡು ನನ್ನ ತೊಡೆಯ ಮೇಲೆ ಕೂತಿದೆ ಅನ್ನುವುದು ಹಗುರವಾಗಿ ತೆಗೆದುಕೊಳ್ಳುವ ವಿಷಯ ಅಂತ ನನಗೆ ಅನಿಸುವುದಿಲ್ಲ.

ನನ್ನ ಎಬೊನಿ ಪಟ್ಟಿ ಪೂರ್ತಿ ಕಪ್ಪಲ್ಲ. ಏಳನೇ ಫ್ರೆಟ್ ಹತ್ತಿರ ಕಾಫಿ ಡಿಕಾಕ್ಷನ್ ಬಣ್ಣದ ಒಂದು ಗೆರೆ ಓಡಿದೆ. ಹಿಂದೆಲ್ಲ ಒಳ್ಳೆಯ ವಾದ್ಯಗಳಲ್ಲಿ ಇಂಥ ಪಟ್ಟಿಯನ್ನು ಹಾಕುತ್ತಿರಲಿಲ್ಲ. ಹಾಕುವಂತಾದದ್ದರ ಹಿಂದಿನ ಕಥೆ ಕ್ಯಾಮರೂನ್ ದೇಶದ್ದು. ಟೇಲರ್ ಕಂಪನಿ ಸ್ಪೇನಿನ ಮದಿಂತೆರ್ ಎಂಬ ಮರದ ವ್ಯಾಪಾರಿಗಳ ಜೊತೆ ಸೇರಿ 2011ರಲ್ಲಿ ಅಲ್ಲಿನ ರಾಜಧಾನಿ ಯಾವುಂಡೆಯಲ್ಲಿರುವ ಕ್ರೆಲಿಕ್ಯಾಮ್ ಎಂಬ ಎಬೊನಿ ಮಿಲ್ಲನ್ನು ಕೊಂಡಿತು. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಬಾಬ್ ಟೇಲರ್ ಅಲ್ಲಿಗೆ ಹೋದಾಗ ಮರ ಕಡಿಯುವವರಿಂದ ತಿಳಿದದ್ದು ಇದು: ಎಬೊನಿ ಒಳಗೆ ಕಪ್ಪೋ, ಪಟ್ಟೆಯೋ ಅನ್ನುವುದು ಮರ ಉರುಳಿಸುವ ತನಕ ಗೊತ್ತಾಗುವುದಿಲ್ಲ. ಹತ್ತು ಮರ ಉರುಳಿಸಿದರೆ ಪೂರ್ತಿ ಕಪ್ಪಿನದು ಒಂದು ಸಿಗುತ್ತಿತ್ತು. ಪಟ್ಟೆಯಿರುವ ಒಂಬತ್ತಕ್ಕೆ ಬೆಲೆಯಿಲ್ಲ, ಹೊತ್ತು ತರುವ ಕೂಲಿಯೂ ಗಿಟ್ಟುವುದಿಲ್ಲ ಅಂತ ಅವನ್ನು ಕಾಡಿನಲ್ಲೇ ಕೊಳೆಯಲು ಬಿಟ್ಟು ಬರುತ್ತಿದ್ದರು.

ಒಂಬತ್ತು ಮರ! ಅದೂ ಮನುಷ್ಯನ ಒಂದು ಆಯಸ್ಸಿನಲ್ಲಿ ಬಲಿಯದಷ್ಟು ನಿಧಾನವಾಗಿ ಬೆಳೆಯುವ ಜಾತಿ. ಗಿಟಾರ್ ನುಡಿಸುವವರಿಗೆ ಬೆರಳ ಕೆಳಗೆ ಕರಿಯ ಬಣ್ಣವೇ ಬೇಕು ಅನ್ನುವ ಒಂದು ರೂಢಿಗೋಸ್ಕರ. ಪಟ್ಟೆಯ ಎಬೊನಿಗೂ ಕಪ್ಪಿನಷ್ಟೇ ಗಟ್ಟಿತನ ಇದೆ, ನಾದದಲ್ಲಿ ಕೊರತೆಯಿಲ್ಲ. ಪಟ್ಟೆಯದನ್ನೂ ಕೊಳ್ಳುತ್ತೇವೆ, ದುಬಾರಿ ವಾದ್ಯಗಳಿಗೂ ಅದನ್ನೇ ಹಾಕುತ್ತೇವೆ ಅಂತ ಆ ಕಂಪನಿ ತೀರ್ಮಾನಿಸಿತು. ಕಡಿದ ಮರವೆಲ್ಲ ಬಳಕೆಗೆ ಬಂದರೆ ಅಷ್ಟೇ ಪಟ್ಟಿಗಳಿಗೆ ಕಡಿಯಬೇಕಾದ ಮರ ತಾನಾಗಿ ಕಡಿಮೆಯಾಗುತ್ತದೆ. ಈ ಕೆಲಸಕ್ಕೆ 2014ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಪ್ರಶಸ್ತಿಯೂ ಬಂತು. ನನಗೆ ಪ್ರಶಸ್ತಿಗಿಂತ ಮುಖ್ಯವಾಗಿ ಕಂಡದ್ದು, ಅಂಗಡಿಗೆ ಬರುವ ಗಿರಾಕಿಯ ಕಣ್ಣನ್ನು ಬದಲಿಸಲು ಒಂದು ಕಂಪನಿ ಧೈರ್ಯ ಮಾಡಿತಲ್ಲ ಅನ್ನುವುದು.

ಆಮೇಲೆ ನೆಡುವ ಕೆಲಸ. 2016ರಲ್ಲಿ ಕ್ಯಾಮರೂನಿನ ಸಂಶೋಧನಾ ಸಂಸ್ಥೆಯಾದ ಕಾಂಗೋ ಬೇಸಿನ್ ಇನ್‌ಸ್ಟಿಟ್ಯೂಟ್ ಜೊತೆ ಎಬೊನಿ ಪ್ರಾಜೆಕ್ಟ್ ಶುರುವಾಯಿತು. ಮೊದಲ ಗುರಿ 15,000 ಎಬೊನಿ ಸಸಿ. ನೆಟ್ಟದ್ದು ಹಳ್ಳಿಯವರು, ತಮ್ಮ ಊರಿನ ಜಾಗದಲ್ಲಿ. ಎಬೊನಿಯ ಜೊತೆಗೆ ಹಣ್ಣಿನ ಗಿಡ, ಔಷಧದ ಗಿಡಗಳನ್ನೂ ಕೊಟ್ಟರು. ಮೊಮ್ಮಗನ ಕಾಲಕ್ಕೆ ಕೊಯ್ಲಿಗೆ ಬರುವ ಮರವನ್ನು ಇವತ್ತು ಹಸಿದಿರುವವರು ಸುಮ್ಮನೆ ಯಾಕೆ ಕಾಯುತ್ತಾರೆ? ಕೆಲವೇ ವರ್ಷದಲ್ಲಿ ಹಣ್ಣು ಬಿಡುವ ಗಿಡವೂ ಪಕ್ಕದಲ್ಲಿ ಇರಬೇಕು. ಈ ಮರದ ಬಗ್ಗೆ ನಡೆದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಂತು. ಎಬೊನಿ ಹಣ್ಣನ್ನು ಕಾಡಾನೆ ತಿಂದು ದೂರದೂರ ಲದ್ದಿ ಹಾಕುತ್ತದೆ, ಲದ್ದಿಯೊಳಗಿನ ಬೀಜ ಇಲಿ ಹೆಗ್ಗಣಗಳ ಬಾಯಿಂದ ತಪ್ಪಿಸಿಕೊಂಡು ಮೊಳೆಯುತ್ತದೆ. ದಂತಕ್ಕಾಗಿ ಆನೆ ಕೊಂದ ಕಾಡಿನಲ್ಲಿ ಎಳೆಯ ಎಬೊನಿ ಗಿಡಗಳೂ ಕಡಿಮೆ. ಆನೆ ತೋಟಕ್ಕೆ ನುಗ್ಗಿತು ಅಂತ ರಾತ್ರಿ ಫೋನು ಬರುವ ಊರಿನವನು ನಾನು. ಇದನ್ನು ಓದಿದ ದಿನ ಬಹಳ ಹೊತ್ತು ಬೇರೆ ಏನೂ ಮಾಡಲಿಲ್ಲ.

ಇನ್ನು ಬೀಟೆ. ಗಿಟಾರ್ ಲೋಕಕ್ಕೆ ನಮ್ಮ ಬೀಟೆ ಬಂದದ್ದು ಬ್ರೆಜಿಲಿನ ರೋಸ್‌ವುಡ್ ಸಿಗದಂತಾದಾಗ. ಅಮೆರಿಕದ ಗಿಟಾರ್ ತಯಾರಕರಾದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ಬಿಟ್ಟು ಭಾರತದ ಮರಕ್ಕೆ ತಿರುಗಿತು, ಉಳಿದವರೂ ಅದೇ ಹಾದಿ ಹಿಡಿದರು. ಬ್ರೆಜಿಲಿನ ಮರ 1992ರಲ್ಲಿ, ಅಳಿವಿನ ಅಂಚಿನ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿ ಅದರ ವ್ಯಾಪಾರ ಹೆಚ್ಚುಕಡಿಮೆ ನಿಂತೇಹೋಯಿತು. 2017ರ ಜನವರಿ 2ರಿಂದ ಈ ಮರಗಳ ಕುಲವಾದ ಡಾಲ್ಬರ್ಜಿಯಾದ ಮಿಕ್ಕ ಎಲ್ಲ ಜಾತಿಗಳೂ ಎರಡನೇ ಪಟ್ಟಿಗೆ ಸೇರಿದವು, ಬೀಟೆಯೂ ಸೇರಿದಂತೆ. ಆಗ ಒಂದೇ ಒಂದು ಗಿಟಾರನ್ನು ಬೇರೆ ದೇಶದವರಿಗೆ ಮಾರಿದರೂ ಪ್ರಮಾಣಪತ್ರ ಬೇಕಾಗುತ್ತಿತ್ತು. ವಾದ್ಯ ಮಾಡುವವರು, ಆರ್ಕೆಸ್ಟ್ರಾದವರು ಎಲ್ಲ ಗೋಗರೆದ ಮೇಲೆ 2019ರ ಜಿನೀವಾ ಸಭೆಯಲ್ಲಿ ಸಿದ್ಧ ವಾದ್ಯಗಳಿಗೂ ಅವುಗಳ ಬಿಡಿಭಾಗಗಳಿಗೂ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ನ್ಯಾಯವೇ. ಮಂಚ, ಸೋಫಾಗಳಿಗೆ ಹೋಗುವ ಮರದ ಮುಂದೆ ಗಿಟಾರಿನ ಬೆನ್ನಿಗೆ ಹೋಗುವುದು ತೆಳ್ಳನೆಯ ಎರಡು ಹಲಗೆ.

ಕಾನೂನಿನ ಬಿಸಿ ದೊಡ್ಡ ಕಂಪನಿಗಳಿಗೂ ತಟ್ಟಿದೆ. ಅಕ್ರಮ ಮರದ ಆಮದು ತಡೆಯಲು ಅಮೆರಿಕದವರು ತಮ್ಮ ಲೇಸಿ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ಮಾಡಿದರು. 2009ರಲ್ಲೂ 2011ರಲ್ಲೂ ಗಿಬ್ಸನ್ ಎಂಬ ಗಿಟಾರ್ ಕಂಪನಿಯ ಕಾರ್ಖಾನೆಗಳ ಮೇಲೆ ದಾಳಿ ನಡೆಯಿತು, ಎರಡನೇ ಸಲ ತನಿಖೆಯಾದದ್ದು ಭಾರತದಿಂದ ಹೋದ ಬೀಟೆ, ಎಬೊನಿ. 2012ರಲ್ಲಿ ಮಡಗಾಸ್ಕರಿನ ಎಬೊನಿ ವಿಷಯದಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು, ಭಾರತದ ಮರ ವಾಪಸ್ ಸಿಕ್ಕಿತು. ಅಲ್ಲಿಂದ ಮುಂದೆ ಮರ ಎಲ್ಲಿಯದು ಅಂತ ಕೇಳದೆ ಕೊಳ್ಳುವ ಕಾಲ ಮುಗಿಯಿತು ಅನ್ನಬಹುದು.

ಆದರೆ ಈ ಎಲ್ಲ ಕಾಗದಪತ್ರ ಮರ ಕಡಿದ ಮೇಲಿನ ಮಾತು. ಬೀಟೆ ನಿಂತಿರುವ ನೆಲದಲ್ಲಿ ಏನಾಗುತ್ತಿದೆ ಅನ್ನುವುದನ್ನು ಮಲೆನಾಡಿನವರು ಹೇಳಬೇಕು, ಹಾಗಾಗಿ ಹೇಳುತ್ತಿದ್ದೇನೆ.

ನಮ್ಮ ತೋಟದಲ್ಲಿ ಹಳೆಯ ನೆರಳು ಮರಗಳಿವೆ. ಹಲಸು, ಅತ್ತಿ, ಮತ್ತಿ, ನಂದಿ, ಹೊನ್ನೆ, ನಡುನಡುವೆ ಬೀಟೆ. ಮರಗಸಿ ಮಾಡಿಸುವಾಗ ಅಪ್ಪ ಬೀಟೆಯ ಕೊಂಬೆಗೆ ಕತ್ತಿ ಹಾಕುವ ಮುಂಚೆ ತಾವೇ ಕೆಳಗೆ ನಿಂತು ಎಲ್ಲಿ, ಎಷ್ಟು ಅಂತ ತೋರಿಸುತ್ತಿದ್ದರು. ಬೀಟೆಯ ಎಲೆ ಸಣ್ಣದು, ಬಿಸಿಲು ಸೋಸಿ ಬೀಳುತ್ತದೆ, ಕಾಫಿಗೆ ಅಂಥ ನೆರಳೇ ಹಿತ. ಬೇಳೆಯ ಜಾತಿಗೆ ಸೇರಿದ ಮರವಾದ್ದರಿಂದ ಮಣ್ಣಿಗೂ ಒಳ್ಳೆಯದು. ಬೇರಿನಿಂದಲೇ ಮರಿ ಗಿಡ ಹೊರಡಿಸುವ ಗುಣ ಅದಕ್ಕಿದೆ. ದೊಡ್ಡ ಮರದ ಸುತ್ತ ಕಳೆ ತೆಗೆಯುವಾಗ ಅವು ಕಾಣುತ್ತವೆ. ಅವನ್ನು ಉಳಿಸುವುದು ಕಷ್ಟವೇನಲ್ಲ, ಕಳೆಗತ್ತಿಯನ್ನು ಒಂದು ಗೇಣು ಆಚೆ ಬೀಸಿದರೆ ಸಾಕು.

ಆದರೂ ಉಳಿಸುವವರು ಕಡಿಮೆ. ಕಾರಣ ಊರಿನಲ್ಲಿ ಎಲ್ಲರಿಗೂ ಗೊತ್ತು. ಜಮೀನು ಯಾವ ಬಗೆಯ ದಾಖಲೆಯಲ್ಲಿ ಬಂದದ್ದು ಅನ್ನುವುದರ ಮೇಲೆ, ಬಹಳ ಕಡೆ ತೋಟದೊಳಗಿನ ಬೀಟೆ ಸರ್ಕಾರದ್ದು. ತೋಟ ನಿಮ್ಮದು, ಕಾಫಿ ನಿಮ್ಮದು, ಮರ ನಿಮ್ಮದಲ್ಲ. ಕೊಂಬೆ ಬಿದ್ದು ಕಾಫಿ ಗಿಡ ಮುರಿದರೆ ನಷ್ಟ ಮಾತ್ರ ನಿಮ್ಮದು. ರಾತ್ರೋರಾತ್ರಿ ಕಳ್ಳರು ಕೊಯ್ದುಕೊಂಡು ಹೋದರೆ ಮೊದಲ ಪ್ರಶ್ನೆ ಬರುವುದು ನಿಮಗೇ. ಹೀಗಿರುವಾಗ ತನ್ನದಾಗದ, ತನಗೆ ತೊಂದರೆಯನ್ನೇ ತರುವ ಮರವನ್ನು ಯಾರು ಎಳೆತನದಿಂದ ಸಾಕುತ್ತಾರೆ? ಅದರ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ. ಆಸ್ಟ್ರೇಲಿಯಾದ ಮರ, ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಕರಿಮೆಣಸು ಹಬ್ಬಿಸಲು ಅನುಕೂಲ, ಕಡಿದು ಮಾರಲು ಅಷ್ಟು ಓಡಾಟವಿಲ್ಲ. ಇದನ್ನು ನೆಟ್ಟ ಬೆಳೆಗಾರರನ್ನು ನಾನು ದೂರುವುದಿಲ್ಲ. ಲೆಕ್ಕ ಅವರನ್ನು ಅಲ್ಲಿಗೆ ತಳ್ಳಿದೆ.

ಶ್ರೀಗಂಧದ ವಿಷಯದಲ್ಲಿ ನಮ್ಮ ರಾಜ್ಯವೇ ಈ ಪಾಠ ಕಲಿತಿದೆ. ಗಂಧದ ಮರ ಎಲ್ಲಿ ಹುಟ್ಟಿದರೂ ಸರ್ಕಾರದ್ದು ಅಂತ ಇದ್ದಾಗ ಹೊಲದ ಬದುವಿನಲ್ಲಿ ಹುಟ್ಟಿದ ಗಿಡವನ್ನು ರೈತರು ಕಿತ್ತು ಬಿಸಾಡುತ್ತಿದ್ದರು. 2001ರ ತಿದ್ದುಪಡಿಯಲ್ಲಿ ಮರ ಜಮೀನಿನ ಒಡೆಯನದ್ದು ಅಂತ ಆದ ಮೇಲೆ ಗಂಧವನ್ನು ಬೆಳೆಯಾಗಿ ಹಾಕುವವರು ಹುಟ್ಟಿಕೊಂಡರು. ಬೀಟೆಗೂ ಅಂಥದ್ದೊಂದು ದಾರಿ ಬೇಕು. ಈಗಿರುವ ಹಿರಿಯ ಮರಗಳಿಗೆ ಕೊಡಲಿ ಹಾಕಲು ಅನುಮತಿ ಕೊಡಿ ಅಂತ ನಾನು ಹೇಳುತ್ತಿಲ್ಲ. ಇಂದಿನಿಂದ ಯಾರು ಬೀಟೆ ಸಸಿ ನೆಟ್ಟು ದಾಖಲೆ ಮಾಡಿಸುತ್ತಾರೋ ಅದು ಅವರದ್ದು, ಅವರ ಮಕ್ಕಳದ್ದು ಅಂತ ಖಚಿತವಾಗಿ ಬರೆದುಕೊಡಲಿ. ಜಾವಾದಲ್ಲಿ ಇದೇ ಬೀಟೆಯನ್ನು ಸೋನೋಕೆಲಿಂಗ್ ಅಂತ ಕರೆದು ನೆಟ್ಟು ಬೆಳೆಸುತ್ತಾರೆ, ಅಲ್ಲಿಂದ ಗಿಟಾರ್ ಕಾರ್ಖಾನೆಗಳಿಗೂ ಹೋಗುತ್ತದೆ. ಪಶ್ಚಿಮ ಘಟ್ಟದ ಮರ ಪರದೇಶದಲ್ಲಿ ಬೆಳೆಯಾಗಿದೆ, ಹುಟ್ಟಿದೂರಿನಲ್ಲಿ ಕಳೆಗತ್ತಿಗೆ ಸಿಗುತ್ತಿದೆ. ನನಗೆ ಇದರಷ್ಟು ಸಂಕಟ ಕೊಡುವ ವಿಷಯ ಬೇರೆ ಇಲ್ಲ.

ಹಾಗಾದರೆ ಗಿಟಾರಿಗೆ ಬೀಟೆಯೇ ಬೇಕಾ? ಬೀಟೆಯ ಮೇಲೆ ಇಷ್ಟು ಪ್ರೀತಿಯಿದ್ದೂ, ಬೇಡ ಅನ್ನುತ್ತೇನೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಒಬ್ಬರೇ ಕುಶಲಕರ್ಮಿ ಮಾಡಿದ ಆರು ಗಿಟಾರು, ಎಲ್ಲಕ್ಕೂ ಮುಂಭಾಗ ಸಿಟ್ಕಾ ಸ್ಪ್ರೂಸ್, ಬೆನ್ನು ಮಾತ್ರ ಬೇರೆಬೇರೆ: ಬ್ರೆಜಿಲಿನ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್ನಟ್. ಮರ ಕಣ್ಣಿಗೆ ಕಾಣದಂತೆ ಮಾಡಿ 52 ಮಂದಿ ನುಡಿಸುವವರ ಕೈಗೆ ಕೊಟ್ಟರು. ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂತು. ಅತಿ ದುಬಾರಿ ಮರಕ್ಕೂ ಅಗ್ಗದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನಾದ ಹುಟ್ಟುವುದು ಬಹುಪಾಲು ಮುಂದಿನ ಹಲಗೆಯಲ್ಲಿ, ಅದರ ಒಳಗೆ ಅಂಟಿಸಿದ ಪಟ್ಟಿಗಳ ಜೋಡಣೆಯಲ್ಲಿ, ಮಾಡುವವನ ಕೈಯಲ್ಲಿ. ಬ್ಯಾರಿಟೋನಿಗಂತೂ ತಂತಿಯ ಉದ್ದ, ಹೊಟ್ಟೆಯ ಗಾತ್ರ ಇವೇ ಮುಖ್ಯ. ಬಾಬ್ ಟೇಲರ್ 1995ರಲ್ಲೇ ಸಾಮಾನು ಹೇರುವ ಹಳೆಯ ಪ್ಯಾಲೆಟ್ಟಿನ ಮರದಿಂದ ಗಿಟಾರ್ ಮಾಡಿ ಪ್ರದರ್ಶನದಲ್ಲಿಟ್ಟು ಇದನ್ನು ತೋರಿಸಿದ್ದರು.

ಇತ್ತೀಚಿನ ವರ್ಷಗಳಲ್ಲಿ ಅದೇ ಕಂಪನಿ ಇಲ್ಲಿನ ಊರುಗಳ ಬೀದಿ ಮರಗಳಿಗೆ ಕೈ ಹಾಕಿದೆ. ಕ್ಯಾಲಿಫೋರ್ನಿಯಾದ ರಸ್ತೆಬದಿಯಲ್ಲಿ ನೆರಳಿಗೆ ನೆಟ್ಟ ಶಾಮೆಲ್ ಆ್ಯಶ್ ಎಂಬ ಮೆಕ್ಸಿಕೋ ಮೂಲದ ಮರ ಮುಪ್ಪಾಗಿ, ರೋಗ ಬಂದು, ಬೀಳುವಂತಾದಾಗ ತೆಗೆಯಲೇಬೇಕು. ಹಾಗೆ ತೆಗೆದ ಮರವನ್ನು ಚೂರು ಮಾಡಿ ಬಿಸಾಡದೆ 2020ರಿಂದ ಗಿಟಾರಿನ ಬೆನ್ನಿಗೆ ಬಳಸುತ್ತಿದ್ದಾರೆ. ಸ್ಯಾನ್ ಡಿಯಾಗೋದಲ್ಲಿ ಒಂದನ್ನು ನುಡಿಸಿ ನೋಡಿದೆ. ಹದವಾದ, ಬೆಚ್ಚನೆಯ ನಾದ.

ಆಗ ನೆನಪಾದದ್ದು ಬೆಂಗಳೂರಿನ ಮಳೆಮರಗಳು. ಪ್ರತಿ ಮಳೆಗಾಲದಲ್ಲೂ ಕಾರುಗಳ ಮೇಲೆ ಉರುಳುವ ಆ ಛತ್ರಿಯಂಥ ಮರಗಳನ್ನು ತುಂಡು ಮಾಡಿ ಸೌದೆಗೆ ಸಾಗಿಸುವುದನ್ನು ಎಲ್ಲರೂ ನೋಡಿದ್ದೇವೆ. ಹವಾಯಿಯಲ್ಲಿ ಇದೇ ಮರಕ್ಕೆ ಮಂಕಿಪಾಡ್ ಅನ್ನುತ್ತಾರೆ, ಅದರಿಂದ ಉಕುಲೇಲೆ ಮಾಡುತ್ತಾರೆ, ಗಿಟಾರ್ ಮಾಡುತ್ತಾರೆ. ಬಣ್ಣವಂತೂ ಕಣ್ಣು ಕೀಳಲಾಗದಷ್ಟು ಚೆಂದ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಕೈಯಿಂದಲೇ ಗಿಟಾರ್ ಕಟ್ಟುವ ಹುರುಪಿನ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಒಂದು ಬಿದ್ದ ಮಳೆಮರದ ತುಂಡು ತಂದು, ಹಲಗೆ ಕೊಯ್ಸಿ, ಚೆನ್ನಾಗಿ ಒಣಗಿಸಿ ನೋಡಿ. ಬ್ಯಾರಿಟೋನ್ ಮಾಡುವುದಾದರೆ ಮೊದಲ ಗಿರಾಕಿ ನಾನು, ಮುಂಗಡ ಕೊಡುತ್ತೇನೆ.

ಅಪ್ಪ ಈಗ ಇಲ್ಲ, ತೋಟ ನೋಡಿಕೊಳ್ಳುವುದು ತಮ್ಮ. ತೋಟದ ಕೆಳಗಿನ ಭಾಗದ ದೊಡ್ಡ ಬೀಟೆಯ ಸುತ್ತ ಬೇರಿನಿಂದ ಎದ್ದ ಮರಿಗಳನ್ನು ಈ ವರ್ಷ ಕೊಚ್ಚಬೇಡ, ಕಡ್ಡಿ ನೆಟ್ಟು ಗುರುತು ಮಾಡು ಅಂತ ಫೋನಿನಲ್ಲಿ ಹೇಳಿದೆ. "ಅಣ್ಣಾ, ನೀನು ಅಲ್ಲಿ ಕೂತ್ಕಂಡು ಹೇಳ್ತೀಯ, ನಾಳೆ ಮರ ದಪ್ಪ ಆದ್ಮೇಲೆ ಇಲಾಖೆಯವರ ಹತ್ರ ಅಲೆಯೋನು ನಾನು" ಅಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಜಮೀನಿನ ಹಳೆಯ ದಾಖಲೆ ತೆಗೆಸಿ, ನಮ್ಮ ತೋಟದ ಬೀಟೆ ನಿಜಕ್ಕೂ ಯಾರದ್ದು ಅಂತ ಮೊದಲು ಲಿಖಿತದಲ್ಲಿ ಕೇಳೋಣ ಅಂದೆ. ಅದಕ್ಕೆ ಒಪ್ಪಿದ್ದಾನೆ. ಮರಿಗಳ ವಿಷಯ ಕಾಫಿ ಕೊಯ್ಲು ಮುಗಿದ ಮೇಲೆ ಮಾತಾಡುವುದು ಅಂತಾಗಿದೆ.